ನಿವೃತ್ತರ ಇಳಿಜಾರು

ಸೈಕಲ್ ಸವಾರರಲ್ಲಿ ಎರಡು ಮತಗಳು: ಏರುಮತ, ಇಳಿಮತ. ಏರುಮತದವರು ಗುಡ್ಡ ಕಂಡರೆ ಸಾಕು, ಹಲ್ಲು ಕಚ್ಚಿ ತುಳಿದು, ನೆತ್ತಿ ಮುಟ್ಟಿ, ಬೆವರೊರೆಸಿಕೊಂಡು, ಫೋಟೊ ಹೊಡೆಸಿಕೊಂಡು ಧನ್ಯರಾಗುತ್ತಾರೆ. ಇಳಿಮತದವರು ನ್ಯೂಟನ್ನನ ಪರಮಭಕ್ತರು. ಭೂಮಿ ತಾನಾಗಿ ಎಳೆದುಕೊಳ್ಳಲು ಸಿದ್ಧವಿರುವಾಗ ನಾವೇಕೆ ಅಡ್ಡಗಾಲು ಹಾಕಬೇಕು ಎಂಬುದು ಅವರ ಸಿದ್ಧಾಂತ. ನಾನು ಹುಟ್ಟಿ ಬೆಳೆದದ್ದು ವಿಜಯಪುರದ ಬಯಲಿನಲ್ಲಿ. ಅಲ್ಲಿ ಏರು ಎಂದರೆ ಗೋಳಗುಮ್ಮಟದ ಮೆಟ್ಟಿಲು, ಇಳಿ ಎಂದರೂ ಅದೇ ಮೆಟ್ಟಿಲು. ಹೀಗಾಗಿ ಮತದ ಪ್ರಶ್ನೆಯೇ ಎದ್ದಿರಲಿಲ್ಲ. ಮಾಸ್ತರಿಕೆಯಿಂದ ನಿವೃತ್ತನಾಗಿ, ಮೊಣಕಾಲುಗಳು ಎಲ್ಲ ವಿಷಯಕ್ಕೂ ತಮ್ಮದೊಂದು ಅಭಿಪ್ರಾಯ ಹೇಳತೊಡಗಿದ ಮೇಲೆ ಇಳಿಮತದ ದೀಕ್ಷೆ ತೆಗೆದುಕೊಂಡೆ.

ಈ ಮತಕ್ಕೊಂದು ಯಾತ್ರಾಸ್ಥಳ ಗೊತ್ತುಮಾಡುವುದಾದರೆ ನನ್ನ ಓಟು ಜರ್ಮನಿಯ ಪಶ್ಚಿಮದಂಚಿನ ಐಫೆಲ್ ಗುಡ್ಡಗಾಡಿಗೆ. ಮಗ ಕೊಲೋನ್‌ನಲ್ಲಿ ನೌಕರಿ ಮಾಡುತ್ತಾನಾದ್ದರಿಂದ ನನಗೂ ನನ್ನಾಕೆಗೂ ಆ ಕಡೆ ಹೋಗುವ ಯೋಗ. ಪ್ಯಾರಿಸ್ಸಿನ ಗೋಪುರ ಕಟ್ಟಿಸಿದ ಗುಸ್ತಾವ್ ಐಫೆಲ್‌ನ ಹಿರೀಕರು ಈ ಗುಡ್ಡಗಳಿಂದಲೇ ಹೊಟ್ಟೆಪಾಡಿಗೆ ಫ್ರಾನ್ಸಿಗೆ ಹೋದವರು. ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಚಳಿ, ಮಳೆ, ಬಡ ಮಣ್ಣು ಮೂರೂ ಕೂಡಿ ಬಂದ ಈ ಸೀಮೆಯನ್ನು 19ನೇ ಶತಮಾನದಲ್ಲಿ ಜನ 'ಪ್ರಷ್ಯದ ಸೈಬೀರಿಯ' ಎಂದು ಕರೆಯುತ್ತಿದ್ದರಂತೆ. ಆ ಸೈಬೀರಿಯದ ನೆತ್ತಿಯಲ್ಲಿ ಡೌನ್ ಎಂಬ ಊರು. ಕೆಳಗೆ ಮೋಸೆಲ್ ನದಿಯ ದಂಡೆಯಲ್ಲಿ ಬರ್ನ್‌ಕಾಸ್ಟೆಲ್-ಕೂಸ್ ಎಂಬ ಜೋಡಿ ಊರು. ಮೇಲಿನದು ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಕೆಳಗಿನದು ಸುಮಾರು 110. ಇವೆರಡರ ನಡುವೆ ಸುಮಾರು 58 ಕಿಲೋಮೀಟರಿನ ಮಾರೆ–ಮೋಸೆಲ್ ಸೈಕಲ್ ದಾರಿ. ಶುರುವಿನಲ್ಲಿ ಒಂದಿಷ್ಟು ಹಗುರ ಏರು ಇದೆ. ನೈವೇದ್ಯ ತೋರಿಸದೆ ಊಟಕ್ಕೆ ಕೂರಬಾರದಲ್ಲ, ಅಷ್ಟಕ್ಕೆ ಮಾತ್ರ. ಮುಂದೆ ಎಲ್ಲವೂ ನ್ಯೂಟನ್ನನ ಕೃಪೆ.

ಇಳಿಯಬೇಕಾದರೆ ಮೊದಲು ಏರಲೇಬೇಕಲ್ಲ ಎಂದು ಏರುಮತದವರು ಗೆದ್ದ ದನಿಯಲ್ಲಿ ಕೇಳಬಹುದು. ಜರ್ಮನರು ಅದಕ್ಕೂ ಉತ್ತರ ಕಂಡುಹಿಡಿದಿದ್ದಾರೆ. ಬೇಸಿಗೆಯ ತಿಂಗಳುಗಳಲ್ಲಿ ಬರ್ನ್‌ಕಾಸ್ಟೆಲ್‌ನಿಂದ ಡೌನ್‌ಗೆ ಬಸ್ಸೊಂದು ಓಡುತ್ತದೆ. ಅದರ ಬಾಲಕ್ಕೆ ಸೈಕಲ್ಲುಗಳಿಗೆಂದೇ ಮಾಡಿದ ಟ್ರೇಲರ್. ಸೈಕಲ್ ಹಿಂದೆ ನಿಂತು ಪ್ರಯಾಣಿಸುತ್ತದೆ, ಸವಾರ ಮುಂದೆ ಮೆತ್ತನೆಯ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿರುತ್ತಾನೆ. ನಮ್ಮ ಜೊತೆ ಬಸ್ಸಿನಲ್ಲಿ ಇದ್ದವರಲ್ಲಿ ಮುಕ್ಕಾಲು ಪಾಲು ನರೆಗೂದಲಿನವರು. ಹೆಲ್ಮೆಟ್ಟು, ಕೈಗವಸು, ಪ್ಯಾಡ್ ಹೊಲಿದ ಚಡ್ಡಿ, ನೀರಿನ ಬಾಟಲಿ ಎಲ್ಲ ಸಜ್ಜಾಗಿ, ಹಿಮಾಲಯಕ್ಕೆ ಹೊರಟ ಗಾಂಭೀರ್ಯದಲ್ಲಿ ಬಸ್ಸು ಹತ್ತಿದ್ದರು. ಯಾರ ಮುಖದಲ್ಲೂ ಸಂಕೋಚದ ಎಳೆಯಿಲ್ಲ.

ಡೌನ್ ಬಿಟ್ಟ ಕೂಡಲೇ ಲೀಸರ್ ಎಂಬ ಪುಟ್ಟ ನದಿಯ ಮೇಲೆ ಎತ್ತರದ ಕಮಾನುಗಳ ಸೇತುವೆ, ಅದರಾಚೆ 560 ಮೀಟರ್ ಉದ್ದದ ಸುರಂಗ. ಸೈಕಲ್ ದಾರಿಗೆ ಇಷ್ಟೆಲ್ಲ ವೈಭವ ಯಾಕೆ ಎಂದು ನನ್ನಾಕೆ ಕೇಳಿದಳು. ಇವು ಸೈಕಲ್ಲಿಗಾಗಿ ಕಟ್ಟಿದವಲ್ಲ. 20ನೇ ಶತಮಾನದ ಆರಂಭದಲ್ಲಿ ಇಲ್ಲಿ ರೈಲು ಹಳಿ ಹಾಕಿದರು. ಬಸ್ಸು, ಕಾರು, ಲಾರಿಗಳು ಹೆಚ್ಚಿದಂತೆ ರೈಲಿಗೆ ಜನವೂ ಸರಕೂ ಕಡಿಮೆಯಾಗಿ 1980ರ ದಶಕದಲ್ಲಿ ಅದು ನಿಂತುಹೋಯಿತು. ಹಳಿ ಕಿತ್ತರು, ಡಾಂಬರು ಬಳಿದರು, ನಮಗೆ ಬಿಟ್ಟರು. ಉಗಿಬಂಡಿಗೂ ನನ್ನ ಮೊಣಕಾಲಿಗೂ ಸ್ವಭಾವದಲ್ಲಿ ಒಂದು ಸಾಮ್ಯ ಇರುವುದು ಆಗ ಹೊಳೆಯಿತು. ನೂರು ಮೀಟರಿಗೆ ಎರಡು-ಎರಡೂವರೆ ಮೀಟರಿಗಿಂತ ಹೆಚ್ಚು ಏರು ಬಂದರೆ ಇಬ್ಬರಿಗೂ ಆಗದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಕಡಿದಾದರೆ ಗಾಲಿ ನಿಂತಲ್ಲೇ ಸುತ್ತುತ್ತದೆ. ಅದಕ್ಕೆ ರೈಲಿನ ಇಂಜಿನಿಯರುಗಳು ಕಣಿವೆ ಬಂದಲ್ಲಿ ಸೇತುವೆ ಕಟ್ಟಿ, ಗುಡ್ಡ ಬಂದಲ್ಲಿ ಸುರಂಗ ಕೊರೆದು ದಾರಿಯನ್ನು ಸಮ ಮಾಡಿದರು. ಮುಂದೊಂದು ದಿನ ವಿಜಯಪುರದ ನಿವೃತ್ತ ಮಾಸ್ತರನೊಬ್ಬ ಇಲ್ಲಿ ಸೈಕಲ್ ಹೊಡೆಯುತ್ತಾನೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಒಳ್ಳೆಯ ಕೆಲಸ ಮಾಡಿದ್ದಾರೆ.

ಸುರಂಗ ದಾಟಿದರೆ ಶಾಲ್ಕೆನ್‌ಮೇರೆನ್. ಇಲ್ಲಿಂದ ದಾರಿ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೊರಳಿದರೆ ಮೂರು ಗುಂಡನೆಯ ಕೆರೆಗಳು. ಇವುಗಳಿಗೆ ಮಾರ್ ಎನ್ನುತ್ತಾರೆ. ಒಳಗೆ ಬರುವ ಹೊಳೆಯಿಲ್ಲ, ಕಟ್ಟಿದ ಏರಿಯೂ ಇಲ್ಲ. ಕೆಳಗಿನಿಂದ ಎದ್ದು ಬಂದ ಶಿಲಾರಸಕ್ಕೆ ದಾರಿಯಲ್ಲಿ ಅಂತರ್ಜಲ ಸಿಕ್ಕಿತು. ಕಾದ ಒಗ್ಗರಣೆ ಎಣ್ಣೆಗೆ ನೀರು ಬಿದ್ದಂತೆ ಆಯಿತು. ನೀರು ಒಮ್ಮೆಲೇ ಉಗಿಯಾಗಿ, ಮೇಲಿನ ಬಂಡೆಯನ್ನೆಲ್ಲ ಹಾರಿಸಿ, ಕುಳಿ ತೋಡಿ ಬಿಟ್ಟಿತು. ಆಮೇಲೆ ಕುಳಿಯಲ್ಲಿ ನೀರು ತುಂಬಿಕೊಂಡಿತು. ಐಫೆಲ್‌ನಲ್ಲಿ ಇಂಥ ಕುಳಿಗಳು ಎಪ್ಪತ್ತಕ್ಕೂ ಹೆಚ್ಚಿವೆ. ನೀರು ನಿಂತಿರುವುದು ಹತ್ತು-ಹನ್ನೆರಡರಲ್ಲಿ ಮಾತ್ರ. ಸ್ವಲ್ಪ ಮುಂದೆ ಗಿಲೆನ್‌ಫೆಲ್ಡ್ ಬಳಿಯ ಪುಲ್ಫರ್‌ಮಾರ್ 70 ಮೀಟರಿಗೂ ಹೆಚ್ಚು ಆಳ. ಈ ಮಾರ್‌ಗಳನ್ನು ಮೊದಲು ಶಾಸ್ತ್ರದೊಳಗೆ ತಂದವನು 19ನೇ ಶತಮಾನದ ಆರಂಭದ ಯೋಹಾನ್ ಸ್ಟೈನಿಂಗರ್. ಈತ ಟ್ರಿಯರ್ ಪಟ್ಟಣದ ಶಾಲಾ ಮಾಸ್ತರ. ಇದನ್ನು ತಿಳಿದ ಮೇಲೆ ನನ್ನ ಬೆನ್ನು ಹ್ಯಾಂಡಲ್ಲಿನ ಮೇಲೆ ಸ್ವಲ್ಪ ನೆಟ್ಟಗಾಯಿತು.

ಮೂರರಲ್ಲಿ ಒಂದು ವೈನ್‌ಫೆಲ್ಡ್ ಮಾರ್. ಅದರ ದಡದಲ್ಲಿ ಹಿಂದೆ ಇದೇ ಹೆಸರಿನ ಹಳ್ಳಿಯಿತ್ತು. 16ನೇ ಶತಮಾನದಲ್ಲಿ ಪ್ಲೇಗು ಬಂದು ಊರು ಬರಿದಾಯಿತು. ಉಳಿದದ್ದು ಒಂದು ಬಿಳಿ ಗೋಡೆಯ ಚರ್ಚು ಮತ್ತು ಸ್ಮಶಾನ. ಶಾಲ್ಕೆನ್‌ಮೇರೆನ್‌ನವರು ಈಗಲೂ ತಮ್ಮವರನ್ನು ಅಲ್ಲೇ ತಂದು ಮಲಗಿಸುತ್ತಾರೆ. ಅದಕ್ಕೇ ಇದಕ್ಕೆ ಸತ್ತವರ ಮಾರ್ ಎಂಬ ಹೆಸರೂ ಇದೆ. ಜ್ವಾಲಾಮುಖಿ ಸ್ಫೋಟಿಸಿದಾಗ ಉಳಿಯದ ಜೀವಗಳ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಒಂದು ಹಳ್ಳಿಯನ್ನು ಇಲಿಯ ಚಿಗಟ ಮುಗಿಸಿದ ಕತೆ ಮಾತ್ರ ಕಲ್ಲಿನ ಚರ್ಚಾಗಿ ನಿಂತಿದೆ.

ಜ್ವಾಲಾಮುಖಿಯ ಮಾತು ಬಂದಾಗ ಜೊತೆಗಿದ್ದ ಮಗ ಸ್ವಲ್ಪ ಅತಿಯಾಗಿಯೇ ಹೆಮ್ಮೆಪಟ್ಟ. ಅವನದೇ ಕೆಲಸವೇನೋ ಎಂಬಷ್ಟು. ಆಗ ನಾನು ನೆನಪಿಸಬೇಕಾಯಿತು: ನಮ್ಮ ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿಗಳ ನೆಲವೂ ಜ್ವಾಲಾಮುಖಿಯದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಹೊರಬಂದ ಲಾವಾ ಪದರ ಪದರವಾಗಿ ಹರಿದು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲಾಯಿತು. ಅದು ಸವೆದದ್ದೇ ನಮ್ಮ ಎರೆಮಣ್ಣು. ಅದರಿಂದ ಬಂದದ್ದೇ ನಿನ್ನ ಬುತ್ತಿಯ ಜೋಳದ ರೊಟ್ಟಿ. ಗೋಳಗುಮ್ಮಟಕ್ಕೂ ಅದೇ ಕಲ್ಲು. ಐಫೆಲ್‌ನ ಅತ್ಯಂತ ಕಿರಿಯ ಮಾರ್ ಉಲ್ಮೆನ್‌ನದು, ಹುಟ್ಟಿ ಸುಮಾರು 11,000 ವರ್ಷವಾಗಿದೆ. ಸೇವಾಹಿರಿತನದ ಪಟ್ಟಿ ಮಾಡಿದರೆ ಇವರೆಲ್ಲ ಇನ್ನೂ ಪ್ರೊಬೇಷನ್ನಿನಲ್ಲಿರುವವರು. ಮಗ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಒತ್ತಿದ, ವಾದ ಮುಗಿಯಿತು.

ಸೈಕಲ್ಲಿಗೇ ಒಂದು ಜ್ವಾಲಾಮುಖಿ ಸಂಬಂಧ ಹೇಳುವವರಿದ್ದಾರೆ. 1815ರಲ್ಲಿ ಇಂಡೋನೇಷ್ಯದ ತಂಬೋರಾ ಸಿಡಿಯಿತು. ಅದರಿಂದ ವಾಯುಮಂಡಲಕ್ಕೇರಿದ ಗಂಧಕದ ಮಬ್ಬು ಬಿಸಿಲನ್ನು ತಡೆದು, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೆಟ್ಟಿತು, ಓಟ್ಸ್ ದುಬಾರಿಯಾಯಿತು, ಕುದುರೆಗಳಿಗೆ ಮೇವಿಲ್ಲದಾಯಿತು. ಮರುವರ್ಷ, 1817ರ ಜೂನ್ 12ರಂದು, ಕಾರ್ಲ್ ಡ್ರೈಸ್ ಎಂಬಾತ ಜರ್ಮನಿಯ ಮಾನ್‌ಹೈಮ್‌ನಲ್ಲಿ ಎರಡು ಗಾಲಿಯ ಮರದ ಯಂತ್ರ ಏರಿ, ಕಾಲಿನಿಂದ ನೆಲ ಒದೆಯುತ್ತ ಊರಾಚೆಗೆ ಹೋಗಿ ಬಂದ. ಪೆಡಲ್ ಇನ್ನೂ ಹುಟ್ಟಿರಲಿಲ್ಲ. ಮೇವು ಬೇಡದ ಕುದುರೆಯ ಅಗತ್ಯವೇ ಈ ಯಂತ್ರವನ್ನು ಹುಟ್ಟಿಸಿತು ಎಂಬುದು ಸೈಕಲ್ ಇತಿಹಾಸಕಾರ ಹಾನ್ಸ್-ಎರ್ಹಾರ್ಡ್ ಲೆಸ್ಸಿಂಗ್‌ರ ತರ್ಕ. ಒಪ್ಪದ ವಿದ್ವಾಂಸರೂ ಇದ್ದಾರೆ. ನಾನಂತೂ ಒಪ್ಪಿದ್ದೇನೆ, ಬೂದಿಗುಡ್ಡಗಳ ನಡುವೆ ಸೈಕಲ್ ಮೇಲೆ ಕೂತವನಿಗೆ ಬೇರೆ ತರ್ಕ ರುಚಿಸುವುದಿಲ್ಲ.

ಇಷ್ಟು ಯೋಚಿಸುವಷ್ಟರಲ್ಲಿ ಹಿಂದಿನಿಂದ ಟಿಣ್ ಎಂದಿತು. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬಳು ನಗುತ್ತ ನಮಸ್ಕಾರ ಹೇಳಿ ಮುಂದೆ ಹೋದಳು. ಆಕೆಯ ಹಿಂದೆ ಆಕೆಯ ಗಂಡ. ಅವರ ಹಿಂದೆ ನನ್ನ ಹೆಂಡತಿ. ಮೂವರದೂ ಬ್ಯಾಟರಿ ಸೈಕಲ್. ನನ್ನದು ಮಾತ್ರ ಸಾದಾ. ಬಾಡಿಗೆ ಅಂಗಡಿಯಲ್ಲಿ 'ನಾನು ದಿನಾ ವಾಕಿಂಗ್ ಮಾಡುವವನು' ಎಂದು ಘೋಷಿಸಿ ಆರಿಸಿಕೊಂಡದ್ದು. ಇಳಿಜಾರಿನಲ್ಲಿ ಬ್ಯಾಟರಿಗೆ ಏನು ಕೆಲಸ ಎಂದು ಕೂಗಿ ಕೇಳಿದೆ. 'ಕೆಲಸ ಇಲ್ಲದಿದ್ದರೂ ಮನೆಯಲ್ಲೊಬ್ಬರು ಇರಲಿ ಅಂತ ಇಟ್ಟುಕೊಳ್ಳುವುದಿಲ್ಲವೇ' ಎಂದಳು, ತಿರುಗಿ ನೋಡದೆ.

ಪ್ಲೈನ್ ಎಂಬ ಹಳ್ಳಿಯ ಹತ್ತಿರ ಮತ್ತೆ ಸೇತುವೆ-ಸುರಂಗಗಳ ಸಾಲು, ಆಮೇಲೆ ವಿಟ್‌ಲಿಖ್ ಪಟ್ಟಣ, ಕೊನೆಗೆ ಮೋಸೆಲ್. ಇಲ್ಲಿ ಬೂದಿ, ಲಾವಾಗಳ ಸುಳಿವಿಲ್ಲ. ಸುಮಾರು 40 ಕೋಟಿ ವರ್ಷ ಹಳೆಯ, ಹಲಗೆ ಹಲಗೆಯಾಗಿ ಸೀಳುವ ಸ್ಲೇಟು ಕಲ್ಲು. ಹಗಲು ಬಿಸಿಲು ಕುಡಿದು ರಾತ್ರಿ ಬಿಟ್ಟುಕೊಡುವ ಈ ಕಲ್ಲಿನ ದಯದಿಂದ ಇಷ್ಟು ಉತ್ತರದಲ್ಲೂ ದ್ರಾಕ್ಷಿ ಹಣ್ಣಾಗುತ್ತದೆ. ತೋಟಗಳು ಗೋಡೆಗೆ ಆನಿಸಿದ ಏಣಿಯಷ್ಟು ಕಡಿದು. ಕೊಯ್ಯುವವರು ಎಲ್ಲರೂ ಏರುಮತದವರೇ ಇರಬೇಕು. ನದಿಗೆ ನೇರ ಹೋಗುವ ಅಭ್ಯಾಸವಿಲ್ಲ. ಟ್ರಿಯರ್‌ನಿಂದ ಕೋಬ್ಲೆಂಜ್‌ಗೆ ಹಕ್ಕಿ ಹಾರುವ ದೂರದ ಹೆಚ್ಚುಕಡಿಮೆ ಎರಡು ಪಟ್ಟು ಸುತ್ತುತ್ತದೆ. ಹಿಂದೆ ಬಯಲಿನಲ್ಲಿ ಅಂಕುಡೊಂಕಾಗಿ ಹರಿಯುತ್ತಿದ್ದ ನದಿ. ಕೆಳಗಿನ ನೆಲ ನಿಧಾನಕ್ಕೆ ಮೇಲೇರಿದಾಗ ಅದೇ ಡೊಂಕಿನಲ್ಲೇ ಕಣಿವೆ ಕೊರೆದುಕೊಂಡಿತು. ಹಳೆಯ ಚಟ ಬಿಡಲಿಲ್ಲ ಎಂದರ್ಥ. ಸುತ್ತಲಿನವರೆಲ್ಲ ನಿವೃತ್ತರಾದರೂ ನದಿಗೆ ಮಾತ್ರ ಇಳಿವಯಸ್ಸಿನಲ್ಲಿ ನೌಕರಿ ಹತ್ತಿತು. 1964ರ ಹೊತ್ತಿಗೆ ಅಣೆಕಟ್ಟು, ಲಾಕ್‌ಗಳನ್ನು ಕಟ್ಟಿ ದೊಡ್ಡ ಸರಕು ದೋಣಿಗಳ ಹೆದ್ದಾರಿ ಮಾಡಿದರು. ಅದರಿಂದಲೇ ಇಷ್ಟು ತಣ್ಣಗೆ ಹರಿಯುವುದು. ಸರಕಾರಿ ನೌಕರಿಯ ಶಾಂತಿ.

ಕೂಸ್‌ನಲ್ಲಿ ಸೇತುವೆಯ ಪಕ್ಕಕ್ಕೇ ಒಂದು ಹಳೆಯ ವೃದ್ಧಾಶ್ರಮವಿದೆ. ಈ ಊರಿನಲ್ಲಿ 1401ರಲ್ಲಿ ಹುಟ್ಟಿ ಕಾರ್ಡಿನಲ್ ಆದ ತತ್ವಜ್ಞಾನಿ ನಿಕೋಲಸ್ ಕುಸಾನುಸ್ 1458ರಲ್ಲಿ ಸ್ಥಾಪಿಸಿದ್ದು. ಯೇಸುವಿನ ಆಯುಸ್ಸಿನ ಒಂದೊಂದು ವರ್ಷಕ್ಕೆ ಒಬ್ಬರಂತೆ 33 ಮಂದಿ ಐವತ್ತು ದಾಟಿದ ಗಂಡಸರಿಗೆ ಆಸರೆ: ಆರು ಪಾದ್ರಿಗಳು, ಆರು ಕುಲೀನರು, ಇಪ್ಪತ್ತೊಂದು ಸಾಮಾನ್ಯರು. ಖರ್ಚಿಗೆ ದ್ರಾಕ್ಷಿ ತೋಟದ ಆದಾಯ. ಐದೂವರೆ ಶತಮಾನ ದಾಟಿದರೂ ಅದು ಇಂದಿಗೂ ವೃದ್ಧರನ್ನು ನೋಡಿಕೊಳ್ಳುತ್ತಿದೆ. ಒಳಗೆ ಅವನ ಗ್ರಂಥಭಂಡಾರವಿದೆ. ತನಗೆ ಗೊತ್ತಿಲ್ಲ ಎಂದು ತಿಳಿದಿರುವುದೇ ದೊಡ್ಡ ತಿಳಿವು ಎಂದು ಪುಸ್ತಕ ಬರೆದ ಈ ಮನುಷ್ಯ ಮುಪ್ಪು ಬರುತ್ತದೆ ಎಂಬುದನ್ನು ಮಾತ್ರ ಖಚಿತವಾಗಿ ತಿಳಿದಿದ್ದ. ಅವನ ದೇಹ ರೋಮ್‌ನಲ್ಲಿ ಮಣ್ಣಾಯಿತು; ಹೃದಯವನ್ನು ತಂದು ಇಲ್ಲಿಯ ಪ್ರಾರ್ಥನಾಮಂದಿರದಲ್ಲಿ ಇಟ್ಟಿದ್ದಾರೆ.

ಜ್ವಾಲಾಮುಖಿ, ಉಗಿಬಂಡಿ, ಮಾಸ್ತರ: ಮೂವರೂ ಸೇವೆಯಲ್ಲಿದ್ದಾಗ ಹತ್ತಿರ ಹೋಗುವಂತಿರಲಿಲ್ಲ. ರಭಸ ಇಳಿದ ಮೇಲೆಯೇ ಜೊತೆಗೆ ಕೂರಬಹುದಾದದ್ದು. ಆದರೆ ಜ್ವಾಲಾಮುಖಿಯ ವಿಷಯದಲ್ಲಿ ಭೂಗರ್ಭಶಾಸ್ತ್ರಜ್ಞರು ನಿವೃತ್ತಿ ಎಂಬ ಮಾತನ್ನು ಒಪ್ಪುವುದಿಲ್ಲ. ಐಫೆಲ್‌ನ ಪೂರ್ವಭಾಗದಲ್ಲಿರುವ, ಈಗ ಲಾಖರ್ ಸೇ ಎಂಬ ಸರೋವರವಾಗಿರುವ ಜ್ವಾಲಾಮುಖಿ ಸುಮಾರು 13,000 ವರ್ಷಗಳ ಹಿಂದೆ ಸಿಡಿದಾಗ ಅದರ ಬೂದಿ ಸ್ವೀಡನ್ನಿನವರೆಗೆ ಹೋಗಿ ಬಿದ್ದಿತ್ತು. ಆ ಸರೋವರದ ಅಂಚಿನಲ್ಲಿ ಇಂದಿಗೂ ಇಂಗಾಲದ ಡೈಆಕ್ಸೈಡ್ ಗುಳ್ಳೆಯೇಳುತ್ತದೆ. ಭೂಮಿಯ ಲೆಕ್ಕದಲ್ಲಿ ಇದು ದೀರ್ಘ ರಜೆ ಅಷ್ಟೆ. ಕೆಲಸಕ್ಕೆ ಮರಳುವ ಹಕ್ಕು ಕಾದಿರಿಸಿಕೊಂಡೇ ಹೋಗಿದೆ.

ಹೋಗುವವರು ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಬಸ್ಸಿನಲ್ಲಿ ನಿಮಗಷ್ಟೇ ಅಲ್ಲ, ಸೈಕಲ್ಲಿಗೂ ಮುಂಚಿತವಾಗಿ ಜಾಗ ಹೇಳಿಡಿ. ಸುರಂಗದೊಳಗೆ ಬೇಸಿಗೆಯಲ್ಲೂ ಚಳಿ. ಒಂದು ಸ್ವೆಟರು ಕೈಗೆ ಸಿಗುವಂತಿರಲಿ. ಬುತ್ತಿ ಒಯ್ಯಿರಿ. ಬ್ಯಾಟರಿ ಸೈಕಲ್ ಬೇಕೆ ಎಂದು ಅಂಗಡಿಯವರು ಕೇಳಿದರೆ, ಬೇಕು ಅನ್ನಿ.