ಜಿಂಜರ್ ಬಿಯರ್ ಮೀಮಾಂಸೆ: ಒಂದು ಬಹುಶಿಸ್ತೀಯ, ಬಹುಬಾಟಲೀಯ ಅಧ್ಯಯನ

ಪ್ರಸ್ತಾವನೆ

ನಾಗರಿಕತೆಯ ಉಗಮಕಾಲದಿಂದಲೂ ಮನುಷ್ಯನಿಗೆ ಬಾಯಾರುತ್ತಲೇ ಬಂದಿದೆ. ಈ ಬಾಯಾರಿಕೆಯ ಸಂಕಥನವನ್ನು ಜಿಂಜರ್ ಬಿಯರ್ ಎಂಬ ಪೇಯಪಠ್ಯದ ನೆಲೆಯಲ್ಲಿ ಓದುವ, ಒಡೆದು ನೋಡುವ, ಅಗತ್ಯ ಬಿದ್ದಲ್ಲಿ ಮುಚ್ಚಳ ತೆಗೆಯುವ ಪ್ರಯತ್ನವೇ ಸದರಿ ಪ್ರಬಂಧ. ಈ ಕ್ಷೇತ್ರದಲ್ಲಿ ಕನ್ನಡದಲ್ಲಿ ಗಂಭೀರವಾದ ಕೆಲಸ ನಡೆದಿಲ್ಲ ಎಂಬುದು ವಿಷಾದದ ಸಂಗತಿ. ಯಾಕೆ ನಡೆದಿಲ್ಲ ಎಂದು ಯಾರೂ ಕೇಳಿಲ್ಲ ಎಂಬುದು ಸಂಶೋಧಕನ ಪಾಲಿಗೆ ಸಂತೋಷದ ಸಂಗತಿ.

ಅಧ್ಯಯನದ ಉದ್ದೇಶ ಎರಡು. ಒಂದು, ಯಾವ ಜಿಂಜರ್ ಬಿಯರ್ ಹಾಗೇ ಗುಟುಕರಿಸಲು ಲಾಯಕ್ಕು, ಯಾವುದು ಕಾಕ್‌ಟೇಲಿಗೆ ಬೆರೆಸಲು ಲಾಯಕ್ಕು ಎಂದು ತೌಲನಿಕವಾಗಿ ನಿರ್ಣಯಿಸುವುದು. ಎರಡು, ಪುಟ ತುಂಬಿಸುವುದು. ವ್ಯಾಪ್ತಿ: ವಿಶ್ವ. ಮಿತಿ: ಬಾಟಲಿಯ ಬೆಲೆ.

ಪ್ರಾಕ್ಕಲ್ಪನೆ: ಜಿಂಜರ್ ಬಿಯರಿನಲ್ಲಿ ಶುಂಠಿ ಇರುತ್ತದೆ. ಇದನ್ನು ಅಧ್ಯಯನದ ಉದ್ದಕ್ಕೂ ಪರಿಶೀಲನೆಗೆ ಒಳಪಡಿಸಲಾಗಿದೆ.

ಪೂರ್ವಸೂರಿಗಳು

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪೇಯವನ್ನು ಮನೆಮನೆಯಲ್ಲಿ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಬೇಕಾಗಿದ್ದದ್ದು ಜನ ‘ಜಿಂಜರ್ ಬಿಯರ್ ಗಿಡ’ ಎನ್ನುತ್ತಿದ್ದ, ಗಿಡವೇ ಅಲ್ಲದ ಒಂದು ಬಿಳಿ ಮುದ್ದೆ. ನಮ್ಮಲ್ಲಿ ಪಕ್ಕದ ಮನೆಯಿಂದ ಹೆಪ್ಪು ಕೇಳಿ ತರುವ ಹಾಗೆ ಅದನ್ನು ಕೇಳಿ ತಂದು, ಸಕ್ಕರೆ ನೀರಿಗೆ ಶುಂಠಿಯೊಂದಿಗೆ ಹಾಕಿಟ್ಟರೆ ನೊರೆ ಏಳುತ್ತಿತ್ತು. ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್ ಆ ಮುದ್ದೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಯೀಸ್ಟ್ ಮತ್ತು ಬ್ಯಾಕ್ಟೀರಿಯ ಜೊತೆಯಾಗಿ ಸಂಸಾರ ಹೂಡಿರುವುದನ್ನು ಕಂಡು 1892ರಲ್ಲಿ ವಿವರವಾಗಿ ಬರೆದರು. ಅದಕ್ಕೆ ಹತ್ತು ವರ್ಷ ಹಿಂದೆ, ಸಿಲೋನಿನ ಕಾಫಿ ತೋಟಗಳನ್ನು ನುಂಗಿಹಾಕಿದ ಎಲೆತುಕ್ಕು ರೋಗದ ಜಾಡು ಹಿಡಿದು ಹೋದವರೂ ಇದೇ ವಾರ್ಡ್. ಒಂದು ಪೇಯ ಹೇಗೆ ಸಾಯುತ್ತದೆ, ಇನ್ನೊಂದು ಹೇಗೆ ಹುಟ್ಟುತ್ತದೆ ಎಂಬೆರಡನ್ನೂ ಒಬ್ಬರೇ ನೋಡಿದರು. ಆದರೆ ವಾರ್ಡ್ ‘ಸಂಕಥನ’, ‘ಯಜಮಾನಿಕೆ’, ‘ತಾತ್ವಿಕ ಚೌಕಟ್ಟು’ ಮುಂತಾದ ಪದಗಳ ನೆರವಿಲ್ಲದೆ ಕೆಲಸ ಮುಗಿಸಿದ್ದರಿಂದ, ಅದನ್ನು ಸಂಶೋಧನೆ ಎನ್ನಬೇಕೋ ಬರೀ ವಿಜ್ಞಾನ ಎನ್ನಬೇಕೋ ಎಂಬುದು ಇಂದಿನ ವಿಚಾರಸಂಕಿರಣಗಳಲ್ಲಿ ಇತ್ಯರ್ಥವಾಗಬೇಕಿದೆ.

ಎರಡನೆಯ ಪೂರ್ವಸೂರಿ ಇಂಗ್ಲಿಷಿನ ಮಕ್ಕಳ ಲೇಖಕಿ ಎನಿಡ್ ಬ್ಲೈಟನ್. ಈಕೆಯ ‘ಫೇಮಸ್ ಫೈವ್’ ಮಕ್ಕಳು ಯಥೇಚ್ಛವಾಗಿ ಜಿಂಜರ್ ಬಿಯರ್ ಸುರಿದುಕೊಳ್ಳುವ ಬಗ್ಗೆ ಇಂಗ್ಲಿಷ್ ಓದುಗರೆಲ್ಲರ ಬಾಯಲ್ಲಿರುವ ‘ಲ್ಯಾಶಿಂಗ್ಸ್ ಆಫ್ ಜಿಂಜರ್ ಬಿಯರ್’ ಎಂಬ ನುಡಿಗಟ್ಟು ಆಕೆಯ ಪುಸ್ತಕಗಳಲ್ಲಿ ಇಲ್ಲ. ಅದು ಹುಟ್ಟಿದ್ದು 1982ರ ಒಂದು ಟೆಲಿವಿಷನ್ ಅಣಕದಲ್ಲಿ. ಅಣಕವೇ ಆಕರವಾಗಿ ಚಲಾವಣೆಯಾಗುವ ಈ ಕ್ಷೇತ್ರದಲ್ಲಿ ಪ್ರಸ್ತುತ ಸಂಶೋಧಕನಿಗೆ ಉಜ್ವಲ ಭವಿಷ್ಯವಿದೆ.

ಮೂರನೆಯ ಪೂರ್ವಸೂರಿ ಒಂದು ಬಸವನಹುಳು. 1928ರ ಆಗಸ್ಟ್ 26ರಂದು ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದ ವೆಲ್‌ಮೆಡೋ ಕೆಫೆಯಲ್ಲಿ ಮೇ ಡೊನೊಹ್ಯೂ ಎಂಬಾಕೆಗೆ ಜೊತೆಯಲ್ಲಿದ್ದವರು ಐಸ್‌ಕ್ರೀಮಿನ ಮೇಲೆ ಸುರಿದುಕೊಳ್ಳಲು ಜಿಂಜರ್ ಬಿಯರ್ ಕೊಡಿಸಿದರು. ಬಾಟಲಿಯ ಗಾಜು ಕಡುಬಣ್ಣದ್ದು, ಒಳಗೇನಿದೆ ಕಾಣದು. ಒಂದಿಷ್ಟು ಕುಡಿದಾದ ಮೇಲೆ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಬಿತ್ತು ಎಂಬುದು ಆಕೆಯ ದೂರು. ದುಡ್ಡು ಕೊಟ್ಟವಳು ಆಕೆಯಲ್ಲವಾದ್ದರಿಂದ ಕೆಫೆಯ ಮೇಲೆ ಕರಾರಿನ ಹಕ್ಕಿಲ್ಲ. ಹಾಗಾಗಿ ತಯಾರಕ ಡೇವಿಡ್ ಸ್ಟೀವನ್ಸನ್ ಮೇಲೇ ದಾವೆ ಹೂಡಿದಳು. 1932ರ ಮೇ 26ರಂದು ಹೌಸ್ ಆಫ್ ಲಾರ್ಡ್ಸ್ 3–2ರ ಬಹುಮತದಿಂದ, ಬಾಟಲಿ ತುಂಬಿಸುವವನಿಗೆ ಎಲ್ಲೋ ಕುಳಿತು ಅದನ್ನು ಕುಡಿಯುವವರ ಬಗ್ಗೆ ಎಚ್ಚರ ವಹಿಸುವ ಹೊಣೆ ಇದೆ ಎಂದು ತೀರ್ಪಿತ್ತಿತು. ಆಮೇಲೆ ಕೇಸು ರಾಜಿಯಲ್ಲಿ ಮುಗಿಯಿತು, ಹುಳು ನಿಜಕ್ಕೂ ಇತ್ತೇ ಎಂಬುದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ. ಧಾರವಾಡದಲ್ಲೋ ಬೆಂಗಳೂರಲ್ಲೋ ಕಾನೂನು ಓದಿದ ಯಾರನ್ನು ಬೇಕಾದರೂ ಕೇಳಿ, ಜಿಂಜರ್ ಬಿಯರ್ ರುಚಿ ನೋಡದವರಿಗೂ ಈ ಹುಳು ಗೊತ್ತು. ಸ್ವಾದ ಟಿಪ್ಪಣಿಗಳ ಚರಿತ್ರೆಯಲ್ಲಿ ಡೊನೊಹ್ಯೂ ದೂರಿನಷ್ಟು ನೇರವಾದದ್ದು ಇನ್ನೊಂದಿಲ್ಲ.

ವರ್ಗೀಕರಣ

ಪಾಣಿನೀಯ ಕ್ರಮವನ್ನು ಅನುಸರಿಸಿ ಜಿಂಜರ್ ಬಿಯರುಗಳನ್ನು ಆತ್ಮನೇಪದಿ, ಪರಸ್ಮೈಪದಿ, ಉಭಯಪದಿ ಎಂದು ಮೂರಾಗಿ ವಿಂಗಡಿಸಬಹುದು. ತನಗಾಗಿ ಇರುವುದು ಆತ್ಮನೇಪದಿ, ಇದನ್ನು ಗುಟುಕರಿಸಬೇಕು. ಪರರಿಗಾಗಿ ದುಡಿಯುವುದು ಪರಸ್ಮೈಪದಿ, ಇದನ್ನು ಬೆರೆಸಬೇಕು. ಪ್ರತಿಯೊಂದಕ್ಕೂ ಆರು ಉಪವರ್ಗ, ಪ್ರತಿ ಉಪವರ್ಗಕ್ಕೂ ವಿಭಾವ, ಅನುಭಾವ, ಸಂಚಾರಿಭಾವಗಳುಂಟು. ಬಿಕ್ಕಳಿಕೆ ಸಂಚಾರಿಭಾವ. ಆನಂದವರ್ಧನನ ಪ್ರಕಾರ ಕಾವ್ಯದ ಆತ್ಮ ಧ್ವನಿ. ಜಿಂಜರ್ ಬಿಯರಿನ ಆತ್ಮವೂ ಧ್ವನಿಯೇ, ಅದು ಕುಡಿದು ತುಸು ಹೊತ್ತಾದ ಮೇಲೆ ಹೊರಡುತ್ತದೆ, ಸಹೃದಯರು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಆತ್ಮನೇಪದಿಗೆ ಉತ್ತಮ ನಿದರ್ಶನ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಬಂಡಬರ್ಗ್. ಇದನ್ನು ಹುದುಗಿಸಿಯೇ ತಯಾರಿಸುತ್ತಾರೆ. ಮುಚ್ಚಳ ಕೀಳುವ ಮೊದಲು ಬಾಟಲಿಯನ್ನು ಮೆಲ್ಲಗೆ ತಲೆಕೆಳಗು ಮಾಡಬೇಕು, ತಳದಲ್ಲಿ ಕೂತ ಶುಂಠಿಯ ಚರಟ ಆಗ ಮೇಲೇಳುತ್ತದೆ. ಮೋಡ ಕವಿದಂಥ ಬಣ್ಣ, ದಂಡಿಯಾಗಿ ಸಿಹಿ, ಹಿಂದೆಯೇ ಖಾರ. ಅದೊಂದನ್ನೇ ಕೂತು ಕುಡಿಯಲು ಸೊಗಸು. ಇದಕ್ಕೇ ವೋಡ್ಕಾ, ನಿಂಬೆ, ಐಸ್ ಹಾಕಿದಿರೋ, ಐಸ್ ಕರಗುತ್ತ ಪರಿಮಳ ತೆಳುವಾಗಿ ಸಕ್ಕರೆಯೊಂದೇ ಗಟ್ಟಿಯಾಗಿ ನಿಲ್ಲುತ್ತದೆ. ಪೂರ್ವ ಆಫ್ರಿಕದಲ್ಲಿ ಮಾರುವ ಸ್ಟೋನಿ ಟಾಂಗವೀಜಿಯೂ ಇದೇ ಕುಲದ್ದು. ಕೆನ್ಯಾದಲ್ಲಿ, ಟಾಂಜಾನಿಯಾದಲ್ಲಿ ಸುಟ್ಟ ಮಾಂಸದ ಜೊತೆ ತಣ್ಣಗೆ ಇಳಿಸುತ್ತಾರೆ.

ಪರಸ್ಮೈಪದಿಯ ಲಕ್ಷಣ ಬೇರೆ. ಸಿಹಿ ಕಡಿಮೆ, ಗ್ಯಾಸು ಜೋರು, ಖಾರ ಮೊದಲ ಸಾಲಿನಲ್ಲೇ ನಿಂತಿರಬೇಕು. ಐಸಿನ ನೀರು, ನಿಂಬೆಯ ಹುಳಿ, ಮದ್ಯದ ಕಾವು ಮೂರನ್ನೂ ತಡೆದುಕೊಳ್ಳಬೇಕಾದದ್ದು ಅದು. ಬ್ರಿಟನ್ನಿನ ಫೀವರ್-ಟ್ರೀ ಈ ಗುಂಪಿನದು. ಬರೀ ಕುಡಿದರೆ ತುಸು ಒರಟು, ಮಾಸ್ಕೋ ಮ್ಯೂಲ್‌ಗೆ ಹಾಕಿದರೆ ಸರಿಯಾಗಿ ಕೂರುತ್ತದೆ. ಅಂತಾರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘದ ಲೆಕ್ಕದಲ್ಲಿ ಈ ಕಾಕ್‌ಟೇಲಿಗೆ 45 ಮಿ.ಲೀ. ವೋಡ್ಕಾ, 120 ಮಿ.ಲೀ. ಜಿಂಜರ್ ಬಿಯರ್, 10 ಮಿ.ಲೀ. ನಿಂಬೆರಸ. ಹೆಸರಿನಲ್ಲಿ ಮಾಸ್ಕೋ ಇದ್ದರೂ ಹುಟ್ಟಿದ್ದು 1940ರ ದಶಕದ ಅಮೆರಿಕದಲ್ಲಿ. ಸ್ಮಿರ್ನಾಫ್ ವೋಡ್ಕಾದ ಹಕ್ಕು ಕೊಂಡು ಗಿರಾಕಿಗಳಿಲ್ಲದೆ ಕೂತಿದ್ದ ಹ್ಯೂಬ್ಲೈನ್ ಕಂಪನಿಯ ಜಾನ್ ಮಾರ್ಟಿನ್, ತನ್ನದೇ ಜಿಂಜರ್ ಬಿಯರ್ ಖರ್ಚಾಗದೆ ಕೂತಿದ್ದ ಲಾಸ್ ಏಂಜಲಿಸ್‌ನ ಕಾಕ್ ಅಂಡ್ ಬುಲ್ ಪಬ್ಬಿನ ಜ್ಯಾಕ್ ಮಾರ್ಗನ್, ಇಬ್ಬರೂ ಸೇರಿ ಮಾಡಿದ್ದು ಎಂಬುದು ಬಾರುಗಳಲ್ಲಿ ಚಾಲ್ತಿಯಲ್ಲಿರುವ ಕಥೆ. ಮಾರಾಟವಾಗದ ಎರಡು ಸರಕು ಸೇರಿ ಪರಂಪರೆಯಾಯಿತು. ಪರಂಪರೆಗಳ ಬಗ್ಗೆ ಸಂಶೋಧಕನಿಗಿದ್ದ ಅನುಮಾನ ಇದರಿಂದ ಪುಷ್ಟಿಗೊಂಡಿದೆ.

ಮ್ಯೂಲನ್ನು ತಾಮ್ರದ ಲೋಟದಲ್ಲೇ ಕೊಡಬೇಕೆಂಬುದು ಸಂಪ್ರದಾಯ. ಹುಳಿ ಪದಾರ್ಥಕ್ಕೆ ಬರಿ ತಾಮ್ರ ತಾಗಿದರೆ ತಾಮ್ರ ಕರಗುತ್ತದೆ, ಒಳಗೆ ಬೇರೆ ಲೋಹದ ಲೇಪ ಇರಲಿ ಎಂದು 2017ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಅಬಕಾರಿ ಇಲಾಖೆ ಎಚ್ಚರಿಸಿತು, ಅದು ದೊಡ್ಡ ಸುದ್ದಿಯಾಯಿತು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಸಾರು ಇಡಬೇಡ ಎಂದು ಗದರಿದ ನಮ್ಮ ಅಜ್ಜಿಯಂದಿರು ಯಾವ ಇಲಾಖೆಯವರೂ ಆಗಿರಲಿಲ್ಲವಾದ್ದರಿಂದ ಅವರನ್ನು ಇಲ್ಲಿ ಉಲ್ಲೇಖಿಸುವಂತಿಲ್ಲ.

ಉಭಯಪದಿ ಎಂದರೆ ಬರ್ಮುಡಾ ದ್ವೀಪದ ಬ್ಯಾರಿಟ್ಸ್. ಕಪ್ಪು ರಮ್ಮಿನ ಜೊತೆ ಸೇರಿ ಇದು ‘ಡಾರ್ಕ್ ಆ್ಯಂಡ್ ಸ್ಟಾರ್ಮಿ’ ಆಗುತ್ತದೆ. ರಮ್ಮಿನಲ್ಲಿರುವ ಕಾಕಂಬಿಯ ಕಹಿಗೆ ತುಸು ಸಿಹಿಯಾದ ಜಿಂಜರ್ ಬಿಯರೇ ಹೊಂದುತ್ತದೆ, ಇಲ್ಲಿ ಒಣ ಖಾರ ಬೇಕಿಲ್ಲ. ಆದರೆ ಆ ಹೆಸರು ಗಾಸ್ಲಿಂಗ್ಸ್ ಕಂಪನಿಯ ಟ್ರೇಡ್‌ಮಾರ್ಕ್. ಬೇರೆಯವರ ರಮ್ ಸುರಿದು ಆ ಹೆಸರಿನಲ್ಲಿ ಮಾರಿದರೆ ವಕೀಲರ ನೋಟಿಸು ಬರಬಹುದು. ಕಾವ್ಯಕ್ಕೆ ವ್ಯಾಖ್ಯಾನಕಾರರಿದ್ದಂತೆ ಕಾಕ್‌ಟೇಲಿಗೆ ವಕೀಲರು.

ಜಿಂಜರ್ ಏಲ್ ಅಪಭ್ರಂಶ. 1904ರಲ್ಲಿ ಕೆನಡಾ ಡ್ರೈ ಅದನ್ನು ತಿಳಿಯಾಗಿಸಿತು, ಸೌಮ್ಯವಾಗಿಸಿತು. ವಿಮಾನದಲ್ಲಿ ಕೊಡುತ್ತಾರೆ. ಮುಂದಕ್ಕೆ ಹೋಗೋಣ.

ಇನ್ನು ಉತ್ತಮ, ಮಧ್ಯಮ, ಅಧಮ ಭೇದದಿಂದ ಧ್ವನಿಬಾಟಲಿ, ಗುಣೀಭೂತವ್ಯಂಗ್ಯಬಾಟಲಿ ಮತ್ತು ಲೇಬಲ್ ಮಾತ್ರ ಚೆಂದವಿರುವ ಚಿತ್ರಬಾಟಲಿ ಎಂಬ ಮೂರು ವಿಧಗಳನ್ನು, ಮೇಲೆ ಹೇಳಿದ ಹದಿನೆಂಟು ಉಪವರ್ಗಗಳನ್ನು ವಿವರಿಸಬೇಕಿತ್ತು. ಬೇಡ ಬಿಡಿ.

ಪ್ರಾಕ್ಕಲ್ಪನೆಯ ಪರಿಶೀಲನೆ

ಹಸಿಶುಂಠಿಯ ಖಾರ ಜಿಂಜರಾಲ್‌ನದು. ಒಣಗಿಸಿದರೆ ಅದರ ಒಂದಂಶ ಶೋಗಾಲ್ ಆಗಿ ಖಾರ ಇನ್ನಷ್ಟು ಚೂಪಾಗುತ್ತದೆ, ಬೇಯಿಸಿದರೆ ಜಿಂಜರೋನ್ ಆಗಿ ಮೆದುವಾಗುತ್ತದೆ. ಒಣಶುಂಠಿಯ ಕಷಾಯ ಗಂಟಲು ಸುಡುವುದಕ್ಕೆ ಕಾರಣ ಇದು. ಜಿಂಜರಾಲ್ ಮತ್ತು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಗೆಯಲ್ಲಿ ತಟ್ಟುವುದು ಒಂದೇ ಬಾಗಿಲನ್ನು. ಈ ಗುಟ್ಟು ತಯಾರಕರಿಗೂ ಗೊತ್ತು. ಆದ್ದರಿಂದಲೇ ಕೆಲವು ಬಾಟಲಿಗಳ ಹಿಂಬದಿಯಲ್ಲಿ, ಭೂತಗನ್ನಡಿ ಹಿಡಿದರೆ, ಮೆಣಸಿನಕಾಯಿಯ ಸಾರ ಕಾಣುತ್ತದೆ. ಪ್ರಾಕ್ಕಲ್ಪನೆ ಭಾಗಶಃ ದೃಢಪಟ್ಟಿದೆ.

ಕ್ಷೇತ್ರಕಾರ್ಯ

ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ನಡೆದ ಆಸ್ವಾದನಾ ಶಿಬಿರದಲ್ಲಿ ಪ್ರಸ್ತುತ ಸಂಶೋಧಕನು ಪಾಲ್ಗೊಂಡಿದ್ದನು. ತಜ್ಞರು ಗುಟುಕನ್ನು ಬಾಯಲ್ಲಿ ಆಡಿಸಿ, ಕಣ್ಣು ಮುಚ್ಚಿ, ಮೊದಲು ‘ಸಿಟ್ರಸ್’ ಅಂದರು. ಆಮೇಲೆ ‘ಹೂವು’. ಆಮೇಲೆ ಒಂದು ದೀರ್ಘ ಮೌನ. ಕೊನೆಗೆ, ಕೊಚ್ಚಿನ್ ಶುಂಠಿಯ ‘ಅರ್ದಿ’ ಗುಣ ನಾಲಗೆಯ ಹಿಂಬದಿಯಲ್ಲಿ ತೆರೆದುಕೊಳ್ಳುತ್ತಿದೆ, ಮಣ್ಣು ಮಾತಾಡುತ್ತಿದೆ ಎಂದರು. ಸುತ್ತ ಕೂತವರು ತಲೆದೂಗಿ ಬರೆದುಕೊಂಡರು. ಸಂಶೋಧಕನು ‘ಯಾವ ಊರಿನ ಮಣ್ಣು ಸಾರ್?’ ಎಂದು ಕೇಳಿದನು. ಅವರು ‘ಟೆರ್ವಾ’ ಎಂದರು, ಅಂದರೆ ಮಣ್ಣಿನ ಗುಣ.

ನಾನು ಎದ್ದು ಬಂದೆ.

ಕೊಚ್ಚಿನ್ ಎಂಬುದು ಬಂದರು. ಅಲ್ಲಿ ಹಡಗು ನಿಲ್ಲುತ್ತದೆ, ಶುಂಠಿ ಬೆಳೆಯುವುದಿಲ್ಲ. ಆ ವ್ಯಾಪಾರದ ಹೆಸರಿನ ಹಿಂದೆ ಕೇರಳದ ಬೆಟ್ಟದ ಹೊಲಗಳಿವೆ. ಶುಂಠಿಗೆ ಬರುವ ಕೊಳೆರೋಗ ಮಣ್ಣಿನಲ್ಲೇ ಉಳಿದುಬಿಡುತ್ತದೆ, ಅದೇ ಜಾಗದಲ್ಲಿ ಮರುವರ್ಷ ಹಾಕಿದರೆ ಗೆಡ್ಡೆ ಕೈಗೆ ಸಿಗುವ ಭರವಸೆ ಇಲ್ಲ. ಹೊಸ ನೆಲ ಬೇಕು, ಮತ್ತೆ ಹೊಸ ನೆಲ ಬೇಕು. ಹಾಗೆ ಹುಡುಕುತ್ತ ವಯನಾಡಿನ ಬೆಳೆಗಾರರು ಗಡಿ ದಾಟಿ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೊಡಗು, ಹಾಸನ, ಶಿವಮೊಗ್ಗದವರೆಗೆ ಜಮೀನು ಗುತ್ತಿಗೆ ಹಿಡಿದರು. ಗುತ್ತಿಗೆ ಹಣದ ರುಚಿ ಕಂಡ ನಮ್ಮವರೂ ಆಮೇಲೆ ಸ್ವಂತಕ್ಕೆ ಶುಂಠಿ ಹಾಕಿದರು. ‘ರಿಯೋ ಡಿ ಜನೈರೊ’ ಎಂಬ ತಳಿ ನಮ್ಮ ಹೊಲಗಳಲ್ಲಿ ‘ರಿಗೋಡಿ’ ಆಗಿ ಬೇರುಬಿಟ್ಟಿತು. ಏರುಮಡಿ ಕಟ್ಟಿ, ಹುಲ್ಲು ಹೊದಿಸಿ, ಬೋರ್‌ವೆಲ್ ನೀರು ಬಿಟ್ಟು, ರೋಗ ಕಂಡಾಗೆಲ್ಲ, ಕಾಣದಿದ್ದರೂ ಹೆದರಿ, ಬುಡಕ್ಕೆ ಔಷಧಿ ಡ್ರೆಂಚಿಂಗ್. ಮಣ್ಣು ಮಾತಾಡುವುದಿದ್ದರೆ ಏನು ಮಾತಾಡೀತು ಎಂದು ಆ ಹೊಲಗಳಲ್ಲಿ ಬಗ್ಗಿ ಕಳೆ ಕೀಳುವ ಹೆಂಗಸರ ಕೈ ನೋಡಿ ತಿಳಿಯಬಹುದು. ಆ ನೀರು ಇಂಗಿ ಎಲ್ಲಿಗೆ ಹೋಗುತ್ತದೆ? ಪಕ್ಕದ ಬಾವಿಗೆ, ಕೆರೆಗೆ. ಕಿತ್ತ ಶುಂಠಿಯನ್ನು ಕಣದಲ್ಲಿ ತೊಳೆದ ಕೆನ್ನೀರು? ಅದೂ ಹಳ್ಳಕ್ಕೆ.

ಬೆಲೆಯ ಮಾತು ಬೇರೆ. 2023ರಲ್ಲಿ 60 ಕೇಜಿ ಚೀಲ ಹತ್ತು ಸಾವಿರ ರೂಪಾಯಿ ದಾಟಿದಾಗ ಊರೂರೇ ಶುಂಠಿಗೆ ಬಿತ್ತು. ಮುಂದೆ ದರ ಕುಸಿದಾಗ ಸಾಲ ಹೊಲದಲ್ಲೇ ಉಳಿಯಿತು. ಮಾರುಕಟ್ಟೆಗೆ ಬಂದ ಚೀಲದ ಮೇಲೆ ಸರ್ವೆ ನಂಬರ್ ಇರುವುದಿಲ್ಲ. ಬಾಟಲಿಯ ಮೇಲೆ ಮಾತ್ರ ನೈಜೀರಿಯಾ, ಐವರಿ ಕೋಸ್ಟ್, ಕೊಚ್ಚಿನ್ ಎಂದು ಪ್ರವಾಸಿ ನಕ್ಷೆಯಂತೆ ಹೆಸರುಗಳು. ಮೂರು ದೇಶದ ಶುಂಠಿಯನ್ನು ನಾಲಗೆಯಲ್ಲೇ ಬೇರೆ ಮಾಡಿ ತೋರಿಸುತ್ತೇನೆ ಎನ್ನುವ ಮನುಷ್ಯನಿಗೆ, ಹೋಟೆಲಿನಿಂದ ನಾಲ್ಕು ಗಂಟೆ ದಾರಿಯಲ್ಲಿರುವ ಶುಂಠಿ ಹೊಲ ಗೊತ್ತಿಲ್ಲ.

1932ರ ಆ ತೀರ್ಪಿನಲ್ಲಿ ಲಾರ್ಡ್ ಆಟ್ಕಿನ್ ಹೇಳಿದ್ದರ ಸಾರ ಇಷ್ಟು: ನಾವು ಮಾಡುವುದು ಯಾರಿಗೆ ನೇರವಾಗಿ ತಟ್ಟುತ್ತದೋ, ಯಾರನ್ನು ಮೊದಲೇ ನೆನೆಯಬೇಕೋ, ಅವರೇ ಕಾನೂನಿನ ಕಣ್ಣಲ್ಲಿ ನಮ್ಮ ನೆರೆಯವರು. ಬಾಟಲಿಯ ಬಾಯಿಯ ಕಡೆ ಇರುವವರಿಗೆ ಇದರಿಂದ ರಕ್ಷಣೆ ಸಿಕ್ಕಿತು. ಒಂದು ಹುಳು, ಅದೂ ಸಾಬೀತಾಗದ ಹುಳು, ಅಷ್ಟು ಕೆಲಸ ಮಾಡಿತು. ಬೇರಿನ ಕಡೆ ಇರುವವರ ಬಾವಿಗೆ ಏನು ಬಿದ್ದರೂ ಅಂಥ ಕೇಸು ಎದ್ದು ನಿಲ್ಲುವುದಿಲ್ಲ, ಯಾಕೆಂದರೆ ಅವರ ಕೈಯಲ್ಲಿ ಬಾಟಲಿ ಇಲ್ಲ.

ಫಲಿತಗಳು

ಸದರಿ ಅಧ್ಯಯನದಿಂದ... ಸದರಿ ಬೇಡ. ಸೀದಾ ಹೇಳುತ್ತೇನೆ. ಬರಿದೇ ಕುಡಿಯುವುದಾದರೆ ಹುದುಗಿಸಿದ, ಚರಟ ಇರುವ, ಸಿಹಿ ಹೆಚ್ಚಿರುವುದನ್ನು ತನ್ನಿ, ಐಸ್ ಹಾಕದೆ ಬಾಟಲಿಯನ್ನೇ ತಣ್ಣಗೆ ಮಾಡಿ. ವೋಡ್ಕಾಗೆ ಸಿಹಿ ಕಡಿಮೆ ಇರುವ ಖಾರದ್ದು, ಕಪ್ಪು ರಮ್ಮಿಗೆ ಅದಕ್ಕಿಂತ ಸಿಹಿಯಾದದ್ದು. ಜಿಂಜರ್ ಬಿಯರನ್ನು ಕೊನೆಯಲ್ಲಿ ಸುರಿಯಿರಿ, ಕಲಕಬೇಡಿ, ಗ್ಯಾಸು ಹೋಗುತ್ತದೆ. ತಜ್ಞರಿಂದ ಕಲಿತದ್ದರಲ್ಲಿ ನಾಲ್ಕು ಕಾಸಿನ ಉಪಯೋಗಕ್ಕೆ ಬಂದದ್ದು ಇಷ್ಟೆ.

ಅಥವಾ ಮನೆಯಲ್ಲೇ ಮಾಡಿಕೊಳ್ಳಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಒಂದು ಲೋಟ ಸಕ್ಕರೆ, ಎರಡು ದೊಡ್ಡ ಚಮಚ ತುರಿದ ಹಸಿಶುಂಠಿ, ಒಂದು ನಿಂಬೆಹಣ್ಣಿನ ರಸ, ಕಾಲು ಚಮಚ ಯೀಸ್ಟ್. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ನೀರು ತುಂಬಿ, ಮುಚ್ಚಿ, ನೆರಳಿನಲ್ಲಿಡಿ. ನಮ್ಮ ಸೆಕೆಗೆ ಒಂದು ದಿನ ಸಾಕಾಗುತ್ತದೆ. ಬಾಟಲಿಯನ್ನು ಆಗಾಗ ಒತ್ತಿ ನೋಡುತ್ತಿರಿ, ಬೆರಳಿಗೆ ಬಗ್ಗದಷ್ಟು ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಗಾಜಿನ ಬಾಟಲಿಯಲ್ಲಂತೂ ಮಾಡಲು ಹೋಗಬೇಡಿ, ಸಿಡಿಯುತ್ತದೆ.