ತುಬಚಿ ಸೀಮೆಯ ಗೃಹಾಂಗಣ ಪುರಾವಾಹನ ಪುನಾರಚನೆ: ಒಂದು ತಾತ್ವಿಕ ವಿವೇಚನೆ

ಗೃಹಾಂಗಣ ಪುರಾವಾಹನ ಪುನಾರಚನೆ ಎಂದರೆ ಸಂಚಾರದಿಂದ ನಿವೃತ್ತವಾದ ಚತುಶ್ಚಕ್ರ ವಾಹನವೊಂದನ್ನು ಕ್ರಮಬದ್ಧವಾಗಿ ವಿಘಟಿಸಿ, ಬಿಡಿಭಾಗಗಳಲ್ಲಿ ಕೆಲವನ್ನು ಕಳೆದುಕೊಂಡು, ಉಳಿದವನ್ನು ಮರುಸಂಘಟಿಸುವ ಬಹುಶಿಸ್ತೀಯ ಪ್ರಕ್ರಿಯೆ. ಜಮಖಂಡಿ ತಾಲ್ಲೂಕಿನ ತುಬಚಿಯಂಥ ಊರಿನಲ್ಲಿ ಇದರ ಭೌತಿಕ ನೆಲೆ ಪತ್ರಾಸಿನ ಶೆಡ್ಡು. ಒಂದು ಬದಿಗೆ ಕಣಿಕೆ, ಇನ್ನೊಂದು ಬದಿಗೆ ಸುಟ್ಟ ಪಂಪ್‌ಸೆಟ್ಟಿನ ಮೋಟಾರು, ನಡುವೆ ಕಾರು. ಸಂಶೋಧನಾ ಪರಿಭಾಷೆಯಲ್ಲಿ ಇಂಥ ನೆಲೆಯನ್ನು ‘ಅವಕಾಶ’ ಎನ್ನಲಾಗುತ್ತದೆ. ಎಮ್ಮೆ ಕಟ್ಟಿದ ಮೇಲೆ ಅವಕಾಶ ಉಳಿಯುವುದಿಲ್ಲ.

ಅಧ್ಯಯನದ ಆಕರಗಳು ಮುಖ್ಯವಾಗಿ ಮೂರು. ಅಂಬಾಸಡರ್ ಕಾರನ್ನು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿ, 2014ರಲ್ಲಿ ನಿಲ್ಲಿಸಿತು. ಫಿಯಟ್ 1100 ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ್ದು. ಎಪ್ಪತ್ತರ ದಶಕದಲ್ಲಿ ಅದು ಪದ್ಮಿನಿಯಾಯಿತು. ಮೂರನೆಯದು ವಿಲ್ಲಿಸ್ ವಂಶದ ಮಹೀಂದ್ರ ಜೀಪು. ಇವುಗಳ ಜೀವನಚರಿತ್ರೆಯಲ್ಲಿ ಒಂದು ನಿಶ್ಚಿತ ಇಳಿಜಾರಿದೆ: ಮೊದಲು ಸಾಹೇಬರು, ಆಮೇಲೆ ಗುತ್ತಿಗೆದಾರರು, ಆಮೇಲೆ ಮದುವೆ ಬಾಡಿಗೆ, ಕೊನೆಗೆ ಹಿಂದಿನ ಸೀಟಿನಲ್ಲಿ ಕಾವು ಕೂತ ಕೋಳಿ. ಪುನಾರಚನೆ ಆರಂಭವಾಗುವುದು ಕೋಳಿಯನ್ನು ಎಬ್ಬಿಸುವುದರಿಂದ.

ಈ ಕ್ಷೇತ್ರದಲ್ಲಿ ನಾಲ್ಕು ಪಂಥಗಳನ್ನು ಗುರುತಿಸಲಾಗಿದೆ; ಗುರುತಿಸಿದವರು ಪಾನಾ ಹಿಡಿದವರಲ್ಲ. ಮೊದಲನೆಯದಾದ ಮೂಲನಿಷ್ಠ ಪಂಥಕ್ಕೆ ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಯೇ ಪರಮಸತ್ಯ, ಆಮೇಲಿನದೆಲ್ಲ ಮಾಯೆ. ಈ ಪಂಥದವರು ಸ್ಕ್ರೂ ಒಂದರ ತಲೆಯ ಗೀರು ಅಡ್ಡವೋ ಕೂಡುಗೆರೆಯೋ ಎಂಬುದರ ಮೇಲೆ ಸ್ನೇಹ ಮುರಿದುಕೊಳ್ಳಬಲ್ಲರು. ಎರಡನೆಯದು ಪರಿವರ್ತನವಾದ: ಎಂಜಿನ್, ಗೇರ್‌ಬಾಕ್ಸ್, ಸೀಟು, ಸ್ಟೇರಿಂಗ್ ಎಲ್ಲ ಬದಲಾಗಿ ಬಾನೆಟ್ಟಿನ ಮೇಲಿನ ಹೆಸರು ಮಾತ್ರ ಉಳಿಯುವುದು. ಮೂರನೆಯದು ಸಮನ್ವಯವಾದ, ಅಂದರೆ ಹೊರಗೆ ಹಳೆಯದು, ಒಳಗೆ ಡೆಕ್ಕು. ಇದರಲ್ಲಿ ಮತ್ತೆ ಬಹಿರ್ಮೂಲ–ಅಂತರ್ನವ್ಯ, ಬಹಿರ್ನವ್ಯ–ಅಂತರ್ಮೂಲ, ಉಭಯಸಂದಿಗ್ಧ ಎಂಬ ಉಪಭೇದಗಳಿವೆ. ನಾಲ್ಕನೆಯ ಪಂಥವನ್ನು ಇಲ್ಲಿ ಕೈಬಿಡಲಾಗಿದೆ. ಅದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ವಿಚಾರ ಸಂಕಿರಣದಲ್ಲಿ ಊಟಕ್ಕೆ ಮುಂಚೆ ಮಾತ್ರ ಗೋಚರಿಸುತ್ತದೆ.

ವಿಘಟನೆಯ ಮೊದಲ ವಿರೋಧಿ ತುಕ್ಕು. ಜಾಮ್ ಆದ ನಟ್ಟಿಗೆ ಡೀಸೆಲ್ ಸುರಿದು ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಅದಕ್ಕೂ ಜಗ್ಗದಿದ್ದರೆ ಗ್ಯಾಸಿನ ಉರಿ ಕೊಡುತ್ತಾರೆ. ಕಾದ ನಟ್ಟು ಹಿಗ್ಗಿ ಬೋಲ್ಟಿನ ಹಿಡಿತ ಸಡಿಲಿಸುತ್ತದೆ. ಈ ಹಂತದಲ್ಲಿ ಮಿಸ್ತ್ರಿ ಹುಡುಗನಿಗೆ ಹೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ಹಗೂರಕ ಹೊಡಿಯೋ ತಮ್ಮಾ, ಅದೇನ ಕಬ್ಬಿನ ಟ್ರ್ಯಾಲಿ ಅಲ್ಲ.” ಏಟಿನ ಪ್ರಮಾಣ, ಲೋಹದ ಆಯುಸ್ಸು, ವಾಹನಗಳ ತರತಮ, ಗುರುಶಿಷ್ಯ ಪರಂಪರೆ ಎಲ್ಲವೂ ಈ ವಾಕ್ಯದಲ್ಲಿ ಅಡಕವಾಗಿವೆ. ಇದನ್ನೇ ‘ಲೋಹಶರೀರ ಸಂಕಥನದಲ್ಲಿ ಹಸ್ತಕ್ಷೇಪದ ನೈತಿಕತೆ’ ಎಂದು ಮುನ್ನೂರು ಪುಟ ಬರೆದವರಿಗೆ ಡಾಕ್ಟರೇಟ್ ಸಿಗುತ್ತದೆ. ಮಿಸ್ತ್ರಿಗೆ ಅರ್ಧ ಕಪ್ಪು ಚಹಾ.

ಎಂಜಿನ್ ಕೆಲಸವೇ ಪುನಾರಚನೆಯ ಹೃದಯಭಾಗ, ಮೂಲನಿಷ್ಠ ಸಿದ್ಧಾಂತದ ಸಮಾಧಿಯೂ ಅಲ್ಲೇ. ಫಿಯಟ್ 1100ರ ಎಂಜಿನ್ 1089 ಸಿ.ಸಿ.ಯದು, ನಾಲ್ಕು ಸಿಲಿಂಡರು, ಒಂದೊಂದರ ಬೋರು 68 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಓಡಿ ಓಡಿ ಸಿಲಿಂಡರಿನ ಗೋಡೆ ಸವೆದು ಅಂಡಾಕಾರವಾದಾಗ ರಿಂಗು ಹಿಡಿಯುವುದಿಲ್ಲ, ಆಯಿಲ್ ಮೇಲೇರಿ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಆಗ ಬೋರ್ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಬೇಕು. ಮುಂದಿನ ಸಲ ಇನ್ನೊಂದು ಸೈಜು. ಗೋಡೆ ತೀರ ತೆಳುವಾದಾಗ ಹೊಸ ಸ್ಲೀವ್ ಬಡಿದು ಮೊದಲ ಅಳತೆಗೇ ಮರಳುವುದು. ಹೀಗೆ ಮರಳಿದ ಎಂಜಿನ್ ಮೂಲವೇ, ಮೂಲವಲ್ಲವೇ ಎಂಬ ಪ್ರಶ್ನೆಗೆ ಮೂಲನಿಷ್ಠರಲ್ಲಿ ಉತ್ತರವಿಲ್ಲ. ಲೇತಿನವನಿಗೆ ಆ ಪ್ರಶ್ನೆಯೇ ಇಲ್ಲ.

ವಾಲ್ವ್ ಲ್ಯಾಪಿಂಗಿನ ವಿಷಯ ಇನ್ನೂ ಸೂಕ್ಷ್ಮ. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ರಬ್ಬರ್ ತುದಿಯ ಕೋಲನ್ನು ಅದಕ್ಕೆ ಅಂಟಿಸಿ, ಎರಡೂ ಅಂಗೈ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಬೇಕು. ಸುತ್ತಲೂ ಒಂದೇ ಅಗಲದ ಮಾಸಲು ಬೂದು ಪಟ್ಟಿ ಮೂಡಿದರೆ ಸೀಟು ಕೂತಿತೆಂದು ಅರ್ಥ. ಆಮೇಲೆ ಹೆಡ್ಡನ್ನು ಬೋರಲು ಹಾಕಿ, ಪೆಟ್ರೋಲು ಸುರಿದು, ಸೋರುತ್ತದೆಯೇ ನೋಡುವುದು. ಅದು ಸೋರದಿದ್ದರೆ ಆಯಿತು. ಇಷ್ಟು ನಿರ್ದಾಕ್ಷಿಣ್ಯ ಪರೀಕ್ಷೆಗೆ ಒಳಗಾದ ಸಂಶೋಧನಾ ಪ್ರಬಂಧಗಳು ವಿರಳ.

ಪರಿವರ್ತನೆಯ ವಿಭಾಗದಲ್ಲಿ ಡೀಸಲೀಕರಣಕ್ಕೆ ಅಗ್ರಸ್ಥಾನ. ಇದನ್ನು ‘ಆಧುನಿಕೋತ್ತರ ಅನನ್ಯತೆಯ ಛಿದ್ರೀಕರಣ’ವೆಂದು ಬಣ್ಣಿಸಲಾಗಿದ್ದರೂ ಕಾರಣ ಪೆಟ್ರೋಲಿನ ದರ. ಅಂಬಾಸಡರಿಗೆ ಕಂಪನಿಯೇ ಅದೇ ವಂಶದ 1489 ಸಿ.ಸಿ. ಡೀಸೆಲ್ ಎಂಜಿನ್ ತಂದಿದ್ದರಿಂದ ಅಲ್ಲಿ ಕೆಲಸ ಸಲೀಸು. ಬೇರೆ ಕಾರಿಗೆ ಬೇರೆ ಜಾತಿಯ ಎಂಜಿನ್ ಕೂರಿಸುವಾಗ ಮೌಂಟಿಂಗ್ ಕಡಿದು ಹೊಸದು ಬೆಸೆಯಬೇಕು, ಗೇರ್‌ಬಾಕ್ಸಿಗೂ ಎಂಜಿನ್ನಿಗೂ ನಡುವೆ ಹೊಂದುವ ಪ್ಲೇಟನ್ನು ಲೇತಿನಲ್ಲಿ ತಿರುವಿಸಬೇಕು. ಭಾರಕ್ಕೆ ಮುಂದಿನ ಸ್ಪ್ರಿಂಗು ಕುಸಿಯುತ್ತದೆ, ನಡುಕಕ್ಕೆ ಬಾಗಿಲಿನ ಗಾಜು ಕುಣಿಯುತ್ತದೆ. ಆದರೂ ಮಾಡಿದರು. ಸರ್ಕಾರದ ದಾರಿ ನೋಡಿ ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮ ದುಡ್ಡು, ತಮ್ಮ ರಟ್ಟೆಯ ಬಲದಿಂದ 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜನ್ನೇ ಕಟ್ಟಿದ ಸೀಮೆ ಇದು. ಇಲ್ಲಿ ಎಂಜಿನ್ ಬದಲಿಸಲು ಸೈದ್ಧಾಂತಿಕ ಚೌಕಟ್ಟು ಬೇಕಾಗುವುದಿಲ್ಲ, ಚೈನ್‌ಪುಲ್ಲಿ ಬೇಕಾಗುತ್ತದೆ.

ಬಾಡಿ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಕ್ಕು ತಿಂದ ಕಡೆ ಕತ್ತರಿಸಿ ಹೊಸ ತಗಡು ಬೆಸೆಯುವುದು ಪ್ರಾಮಾಣಿಕ ಮಾರ್ಗ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಪ್ರಚಲಿತ ಮಾರ್ಗ. ಅಯಸ್ಕಾಂತ ಹಚ್ಚಿ ನೋಡಿದರೆ ಎರಡಕ್ಕೂ ಇರುವ ಭೇದ ತಿಳಿಯುತ್ತದೆ. ಪುಟ್ಟಿಗೆ ಅದು ಅಂಟುವುದಿಲ್ಲ.

ಕೊನೆಯ ಘಟ್ಟ ಶಾಸನದ್ದು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಜೊತೆಗೊಂದು ಷರತ್ತು: ವಾಹನ ಮೂಲರೂಪದಲ್ಲಿರಬೇಕು, ಚಾಸಿಯನ್ನೋ ಬಾಡಿಯನ್ನೋ ಎಂಜಿನ್ನನ್ನೋ ಬದಲಿಸುವಂಥ ದೊಡ್ಡ ಕೆಲಸ ನಡೆದಿರಬಾರದು. ಇತ್ತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮನಸ್ಸಿಗೆ ಬಂದಂಥ ಮಾರ್ಪಾಡನ್ನು ಮೊದಲೇ ನಿಷೇಧಿಸಿದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕತ್ತರಿಸಿ ಬೆಸೆದ ಗಾಡಿ ರಸ್ತೆಯಲ್ಲಿ ಪ್ರಾಣ ತೆಗೆಯಬಹುದು ಎಂಬ ಭಯ ಸುಳ್ಳಲ್ಲ. ಆ ಮಟ್ಟಿಗೆ ಕಾಯ್ದೆ ಸರಿ. ಆದರೆ ಪರಂಪರೆ ಯಾವುದು ಎಂಬ ತೀರ್ಮಾನ ವಿಂಟೇಜ್ ನಿಯಮದ ಆ ಷರತ್ತಿನ ಅಡಿಯಲ್ಲೇ ನಡೆದುಹೋಗಿದೆ. 1948ರವರೆಗೆ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದರು. ಅಂಥ ಅರಸರ ಮನೆಯ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿದ, ಯಾರೂ ಮುಟ್ಟದ ಕಾರು ಪರಂಪರೆ. ಐವರು ಮಿಸ್ತ್ರಿಗಳ ಕೈಯಲ್ಲಿ ಐದು ಸಲ ಸತ್ತು ಹುಟ್ಟಿ, ಬಸುರಿಯರನ್ನು ಹೆರಿಗೆಗೂ ಗಾಯಾಳುಗಳನ್ನು ಮೀರಜಿನ ಆಸ್ಪತ್ರೆಗೂ ಹೊತ್ತ ಕಾರು ಗುಜರಿ. ಮುಟ್ಟದಿದ್ದವನಿಗೆ ಮರ್ಯಾದೆ, ಬದುಕಿಸಿದವನಿಗೆ ದಂಡ! ಆ ಮಿಸ್ತ್ರಿಗಳ ಹೆಸರು ಯಾವ ಆರ್.ಸಿ. ಪುಸ್ತಕದಲ್ಲೂ ಇಲ್ಲ. ಸದ್ದು ಕೇಳಿಯೇ ಯಾವ ಸಿಲಿಂಡರ್ ಕೈಕೊಟ್ಟಿದೆ ಎಂದು ಹೇಳುತ್ತಿದ್ದ ಕಿವಿಗಳನ್ನು ಯಾವ ವಿಶ್ವವಿದ್ಯಾಲಯವೂ ದಾಖಲಿಸಿಕೊಳ್ಳಲಿಲ್ಲ. ಅವರ ಮಕ್ಕಳು ಈಗ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಇಟ್ಟದ್ದು ತಪ್ಪಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಆ ಕಿವಿ ಮಾತ್ರ ಮುಂದಿನವರಿಗೆ ದಾಟಲಿಲ್ಲ.

ನಿಯಮದಂತೆ ವಿಂಟೇಜ್ ನೋಂದಣಿಯ ಸಿಂಧುತ್ವ ಹತ್ತು ವರ್ಷ, ಮುಂದೆ ಐದೈದು ವರ್ಷಕ್ಕೆ ನವೀಕರಣ. ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿಗೆಂದು ಮಾತ್ರ ರಸ್ತೆಗಿಳಿಸಬಹುದು. ಜಮಖಂಡಿಗೆ ಹೋಗಿ ಗೊಬ್ಬರ ತರುವುದು ಆ ಪಟ್ಟಿಯಲ್ಲಿಲ್ಲ.