ಜರಿ ಅತ್ತೆ

ಮದುವೆ ಮನೆಗೆ ಪುರೋಹಿತರು, ಅಡಿಗೆಯವರು, ಜರಿ ಅತ್ತೆ ಮೂವರೂ ಬೇಕು. ಮೊದಲಿಬ್ಬರಿಗೆ ಮುಂಗಡ ಕೊಡಬೇಕು. ಮೂರನೆಯವರು ಬೀರು ತೆಗೆದ ಸದ್ದಿಗೇ ಬಂದುಬಿಡುತ್ತಾರೆ.

ಜರಿ ಅತ್ತೆಯರು ಸೀರೆಯ ಬಣ್ಣ ನೋಡುವುದಿಲ್ಲ. ಮೊದಲು ಮಗುಚಿ ಹಿಂಬದಿ ನೋಡುತ್ತಾರೆ, ಅಂಚನ್ನು ಉಗುರಿನಲ್ಲಿ ಗೀರುತ್ತಾರೆ, ಕೂಸಿನ ಹಾಗೆ ಎತ್ತಿ ತೂಕ ನೋಡುತ್ತಾರೆ, ಕೊನೆಗೆ ಮೂಸುತ್ತಾರೆ. ‘ಹಳೇ ಜರಿ ಸೀರೇ...’ ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವನು ಇವರ ಜನ್ಮವೈರಿ. ಸೀರೆ ಸುಟ್ಟು, ಬೂದಿಯಿಂದ ಬೆಳ್ಳಿ ತೆಗೆಯುವ ದಂಧೆ ಅವನದು. ಇವರ ಕಣ್ಣಿಗೆ ಅವನು ಕೊಲೆಗಾರ.

ನಮ್ಮ ಮನೆಯ ಜರಿ ಅತ್ತೆ ನನ್ನ ಸ್ವಂತ ಅಕ್ಕ. ಅಜ್ಜಿಯ ಧಾರೆ ಸೀರೆಯನ್ನೇ ತಾನೂ ಉಡುತ್ತೇನೆಂದು ಮಗಳು ರಾತ್ರಿ ಅಂದಳು. ಬೆಳಗ್ಗೆ ಆರೂವರೆಗೆ ಅಕ್ಕ ಗೇಟಿನಲ್ಲಿದ್ದಳು.

“ನುಸಿಗುಳಿಗೆ ಹಾಕಿದೀಯಲ್ಲೋ! ಜರಿ ಕಪ್ಪಾಗುತ್ತೆ ಅಂತ ಗೊತ್ತಿಲ್ವಾ? ಮಲ್ಲಿನ ಬಟ್ಟೇಲಿ ಸುತ್ತಿಡು, ಆಗಾಗ ಮಡಿಕೆ ಬದಲಿಸು ಅಂತ ಎಷ್ಟು ಬಡ್ಕೊಂಡೆ!”

ಬಡಿದುಕೊಂಡಿದ್ದು ನಿಜ. ಮಡಿಕೆಯುದ್ದಕ್ಕೂ ಒಡಲು ಹಪ್ಪಳದಂತೆ ಬಿರಿದಿತ್ತು. ಅಂಚು ಮಾತ್ರ ನಿನ್ನೆ ಮಗ್ಗದಿಂದ ಇಳಿದಂತಿತ್ತು. ಬೆಳ್ಳಿ ಎಳೆಗೆ ಚಿನ್ನದ ಲೇಪ ಕೊಟ್ಟ ಹಳೇ ಕಂಚಿ ಜರಿ.

ಟೈಲರ್ ಬಂದ. “ಒಡಲು ರಫೂಗೂ ನಿಲ್ಲಲ್ಲ ಸಾರ್. ಅಂಚು ಬಿಚ್ಚಿ ಹೊಸ ರೇಷ್ಮೆಗೆ ಕೂಡಿಸೋಣ. ಸೆರಗಲ್ಲಿ ಬ್ಲೌಸ್ ಹೊಲಿಯೋಣ.” ಮಗಳು ಇದೇ ಸಮಯವೆಂದು ಮೊಬೈಲಿನಲ್ಲಿ ಲೆಹೆಂಗಾ ಒಂದನ್ನು ತೋರಿಸಿದಳು.

ಅಕ್ಕ ಅವನ ಕತ್ತರಿ ಎತ್ತಿ ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಜಿಪ್ ಎಳೆದಳು. “ಧಾರೆ ಸೀರೆಗೆ ಕತ್ತರಿಯೇ? ನಮ್ಮ ವಂಶದಲ್ಲೇ ಇಲ್ಲ!”

ಕತ್ತರಿಯಿಲ್ಲದ ಟೈಲರ್ ಮಾಡುವುದೇನು? ಟೇಪು ಹಿಡಿದ. ಅಳೆದ, ಮತ್ತೆ ಅಳೆದ. “ಅಜ್ಜಿ ಕಾಲದ್ದು ಅಂದ್ರಿ. 18 ಮೊಳ, ಅಂದ್ರೆ 9 ಗಜ ಇರಬೇಕಿತ್ತಲ್ಲಮ್ಮಾ? ಇಲ್ಲಿರೋದು ಆರೇ. ಒಳತುದಿಗೆ ಕೈಹೊಲಿಗೆ ಬೇರೆ ಇದೆ. ಯಾರೋ ಆಗಲೇ ಕತ್ತರಿಸಿದಾರೆ.”

ಮಗಳು ಗೋಡೆ ಕಡೆ ನೋಡಿದಳು. ಅಲ್ಲಿ ಅಕ್ಕನ ಮದುವೆ ಫೋಟೋ. ಅದೇ ಅಂಚು, ಅಚ್ಚುಕಟ್ಟಾದ ಆರು ಗಜದ ನೆರಿಗೆ.

“ಅತ್ತೇ...”

“ಆಗ ಫ್ಯಾಷನ್ನು ಹಾಗಿತ್ತು ಕಣೇ,” ಎಂದಳು ಅಕ್ಕ, ಟ್ಯೂಬ್‌ಲೈಟ್ ನೋಡುತ್ತಾ. “ಕಚ್ಚೆ ಹಾಕ್ಕೊಂಡು ಹಸೆಮಣೆ ಮೇಲೆ ಕೂರಲ್ಲ ಅಂತ ಎರಡು ದಿನ ಅತ್ತೆ.”

“ಅಮ್ಮ ಬೈಲಿಲ್ವಾ?” ನನಗೆ ನಗು ತಡೆಯಲಾಗಲಿಲ್ಲ.

“ಬೈದ್ಲು, ಅತ್ಲು. ಆಮೇಲೆ ಅವಳೇ ಕತ್ತರಿ ತಂದುಕೊಟ್ಲು. ನೀನೇನು ನಗ್ತೀಯ? ನಿನ್ನ ಮುಂಜಿ ಆರತಿಗೆ ಜರಿ ಜುಬ್ಬಾ ಹಾಕ್ಕೊಂಡು ಕುಣಿದ್ಯಲ್ಲ, ಅದು ಆಕಾಶದಿಂದ ಉದುರಿತ್ತಾ?”

ನನ್ನ ನಗು ನಿಂತಿತು. ಜಿಪ್ಪಿನ ಸದ್ದು ಕೇಳಿತು. ಕತ್ತರಿ ಟೈಲರ್ ಕೈಗೆ ಬಂತು.

“ಅಲ್ಲಲ್ಲ! ಅಂಚಿನ ಪಕ್ಕ ಒಂದು ಬೆರಳು ಬಿಟ್ಕೊಂಡು ಕತ್ತರಿಸು. ಚೂರುಪಾರು ಉಳಿದದ್ದನ್ನ ಕಸಕ್ಕೆ ಹಾಕೀಯ, ಜೋಕೆ! ಇತ್ಲಾಗಿ ಕೊಡು. ಇವಳ ಮಗಳೂ ಒಂದಿನ ಅಳದೇ ಇರ್ತಾಳಾ?”